ಕಣ್ಣೊಳಗೆ ಇಣುಕಿದ ಹೆಲ್ಮ್‌ಹೋಲ್ಟ್ಸ್

ಹೆಲ್ಮ್‌ಹೋಲ್ಟ್ಸ್ ಅಂದ ತಕ್ಷಣ ನಮಗೆ ನೆನಪಾಗೋದು ಲ್ಯಾಬ್‌ನ ಕಾಯಿಲ್, ಇಲ್ಲಾಂದ್ರೆ ಥರ್ಮೋಡೈನಾಮಿಕ್ಸ್‌ನ ಫ್ರೀ ಎನರ್ಜಿ. ಆದರೆ ಅವರು ಓದಿದ್ದು ಮೆಡಿಕಲ್ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಹುಟ್ಟಿದ್ದು 1821ರಲ್ಲಿ, ಪ್ರಷ್ಯಾದ ಪಾಟ್ಸ್‌ಡಾಮ್‌ನಲ್ಲಿ. ಅಪ್ಪ ಮೇಷ್ಟ್ರು. ಹುಡುಗನಿಗೆ ಫಿಸಿಕ್ಸ್ ಓದೋ ಆಸೆ, ಮನೆಯಲ್ಲಿ ದುಡ್ಡಿಲ್ಲ. ಮುಂದೆ ಸೈನ್ಯದಲ್ಲಿ ಕೆಲಸ ಮಾಡ್ತೀನಿ ಅಂತ ಒಪ್ಪಿಕೊಂಡರೆ ಬರ್ಲಿನ್‌ನಲ್ಲಿ ಮೆಡಿಕಲ್ ಓದಿಗೆ ಸರ್ಕಾರದ ನೆರವು ಸಿಗುತ್ತಿತ್ತು. ಹಾಗಾಗಿ ಸೈನ್ಯದ ಡಾಕ್ಟರ್ ಆದರು. ಫಿಸಿಕ್ಸ್ ಮಾತ್ರ ಬಿಡಲಿಲ್ಲ. ಆ ಕೆಲಸದಲ್ಲಿದ್ದಾಗಲೇ, 1847ರಲ್ಲಿ, ಶಕ್ತಿ ಸಂರಕ್ಷಣೆಯ ಬಗ್ಗೆ ತಮ್ಮ ಹೆಸರಾಂತ ಪ್ರಬಂಧ ಬರೆದರು.

ಆಮೇಲೆ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಶರೀರಶಾಸ್ತ್ರದ ಪ್ರೊಫೆಸರ್. 1850ರಲ್ಲಿ ಪಾಠಕ್ಕೆ ತಯಾರಿ ಮಾಡ್ತಿದ್ದಾಗ ಒಂದು ಪ್ರಶ್ನೆ ಹಿಡಿದುಕೊಂಡಿತು. ಕಣ್ಣಿನ ಪಾಪೆ ಯಾಕೆ ಕಪ್ಪಗೆ ಕಾಣುತ್ತೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ವಾಪಸ್ ಹೋಗುತ್ತೆ. ನೋಡೋಕೆ ಅಂತ ಆ ದಾರಿಗೆ ತಲೆ ತಂದರೆ ದೀಪವೇ ಮರೆಯಾಗುತ್ತೆ. ಅವರು ಗಾಜನ್ನು ಓರೆಯಾಗಿ ಹಿಡಿದರು. ಪಕ್ಕದ ದೀಪದ ಬೆಳಕು ಗಾಜಿಗೆ ಬಡಿದು ಕಣ್ಣೊಳಗೆ ಹೋಯ್ತು. ವಾಪಸ್ ಬಂದಾಗ ಸ್ವಲ್ಪ ಬೆಳಕು ಅದೇ ಗಾಜನ್ನು ದಾಟಿ ಅವರಿಗೆ ಸಿಕ್ತು. ರಟ್ಟು, ಗಾಜು, ಕನ್ನಡಕದ ಲೆನ್ಸ್, ಅಂಟು, ಇಷ್ಟೇ ಸಾಮಾನು! ಬದುಕಿರೋ ಮನುಷ್ಯನ ರೆಟಿನಾ, ಅದರ ರಕ್ತನಾಳಗಳು ಎದುರಿಗೇ ಕಂಡವು.

1851ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಆಫ್ತಾಲ್ಮೋಸ್ಕೋಪ್. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಇದ್ದು ದೃಷ್ಟಿ ಹೋದರೆ, ಅಲ್ಲಿಯವರೆಗೆ ಡಾಕ್ಟರುಗಳು ಊಹೆ ಮಾಡಬೇಕಿತ್ತು. ಈಗ ಒಳಗೆ ನೋಡಿ ಹೇಳೋ ಹಾಗಾಯ್ತು.

1871ರಲ್ಲಿ, 50ರ ಹೊತ್ತಿಗೆ, ಬರ್ಲಿನ್‌ನಲ್ಲಿ ಕೊನೆಗೂ ಫಿಸಿಕ್ಸ್ ಪ್ರೊಫೆಸರ್ ಆದರು. ರೇಡಿಯೋ ತರಂಗಗಳ ಹರ್ಟ್ಸ್ ಅಲ್ಲಿ ಇವರ ಶಿಷ್ಯ. 1894ರಲ್ಲಿ ತೀರಿಕೊಂಡರು.

ಅವರ ಉಪಕರಣಕ್ಕೂ ಒಂದು ಮಿತಿ ಇತ್ತು. ರೆಟಿನಾದ ಹಿಂದೆ ಕೋರಾಯ್ಡ್ ಅನ್ನೋ ರಕ್ತನಾಳಗಳ ಪದರ ಇದೆ. ರೆಟಿನಾದ ಹೊರಭಾಗಕ್ಕೆ ಆಮ್ಲಜನಕ ಕೊಡೋದು ಅದೇ. ನಡುವೆ ಕಪ್ಪು ಬಣ್ಣದ ಜೀವಕೋಶಗಳ ಪರದೆ ಇರೋದರಿಂದ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಕೆಲವು ರೆಟಿನಾ ಕಾಯಿಲೆಗಳಲ್ಲಿ ಆ ಪದರ ದಪ್ಪ ಆಗುತ್ತೆ, ಕೆಲವದರಲ್ಲಿ ತೆಳು ಆಗುತ್ತೆ. ಇವತ್ತು ಓಸಿಟಿ ಸ್ಕ್ಯಾನ್ ಅದನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತೆ. ಅದು ಕೆಲಸ ಮಾಡೋದು ಬೆಳಕಿನ ಇಂಟರ್‌ಫಿಯರೆನ್ಸ್ ಮೇಲೆ. ನಾವು ಪರೀಕ್ಷೆಗೆ ಓದಿ ಮರೆತಿದ್ದೇ!

ಬೇಕಾದ ಬ್ರಾಂಚ್ ಸಿಗಲಿಲ್ಲ ಅಂತ ನಾವು ಕೊರಗ್ತಾನೇ ಇರ್ತೀವಿ. ಅವರಿಗೂ ಸಿಗಲಿಲ್ಲ. ಆದರೆ ಸಿಕ್ಕಿದ ಓದಿಗೆ ತಮಗಿಷ್ಟವಾದ ಫಿಸಿಕ್ಸನ್ನೂ ಜೊತೆಗೆ ತಗೊಂಡು ಹೋದರು.