ಕೆಂಪಿನ ಆಚೆಗೆ ನೋಡಿದ ಹರ್ಷೆಲ್

ವಿಲಿಯಂ ಹರ್ಷೆಲನನ್ನು ಯುರೇನಸ್ ಗ್ರಹದೊಡನೆ ಸೇರಿಸಿ ನೆನೆಯುವುದು ವಾಡಿಕೆ. ನನಗಾದರೋ ಅದಕ್ಕಿಂತ ಹಿರಿದಾಗಿ ತೋರುವುದು, ತನ್ನ 61ನೆಯ ವಯಸ್ಸಿನಲ್ಲಿ ಕೆಲವೇ ಉಷ್ಣಮಾಪಕಗಳನ್ನಿಟ್ಟುಕೊಂಡು ಅವನು ನಡೆಸಿದ ಒಂದು ಪರೀಕ್ಷೆ.

ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರಿನಲ್ಲಿ. ತಂದೆ ಸೈನ್ಯದ ವಾದ್ಯಮೇಳದವನು. ಮಗನೂ ಅದೇ ವೃತ್ತಿ ಹಿಡಿದ. 1757ರಲ್ಲಿ ಇಂಗ್ಲೆಂಡಿಗೆ ಬಂದು, ಮುಂದೆ ಬಾತ್ ಪಟ್ಟಣದಲ್ಲಿ ಆರ್ಗನ್ ವಾದಕನಾಗಿ ನೆಲಸಿದ. ಹಗಲು ಸಂಗೀತಪಾಠ, ಇರುಳು ನಕ್ಷತ್ರವೀಕ್ಷಣೆ. ದೂರದರ್ಶಕದ ಲೋಹದರ್ಪಣಗಳನ್ನು ತಾನೇ ಎರಕ ಹೊಯ್ದು ಉಜ್ಜುತ್ತಿದ್ದ. ಕೈ ತೆಗೆಯದೆ ಗಂಟೆಗಟ್ಟಲೆ ಉಜ್ಜುವಾಗ ತಂಗಿ ಕ್ಯಾರೊಲೀನ್ ಅವನ ಬಾಯಿಗೆ ತುತ್ತಿಡುತ್ತಿದ್ದಳು. 1781ರ ಮಾರ್ಚ್ 13ರ ರಾತ್ರಿ ಯುರೇನಸ್ ಅವನ ಕಣ್ಣಿಗೆ ಬಿತ್ತು. ಮರುವರ್ಷ ದೊರೆ ಮೂರನೆಯ ಜಾರ್ಜ್ 200 ಪೌಂಡುಗಳ ವರ್ಷಾಶನ ಗೊತ್ತುಮಾಡಿದ. ಪಾಠ ಹೇಳುವ ದುಡಿಮೆ ನಿಂತಿತು.

ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಬಳಸುತ್ತಿದ್ದಾಗ, ಕೆಲವು ಗಾಜುಗಳು ಬೆಳಕನ್ನು ತಡೆದರೂ ಶಾಖವನ್ನು ತಡೆಯವೆಂಬುದನ್ನು ಅವನು ಗಮನಿಸಿದ. 1800ರಲ್ಲಿ ಅದರ ಕಾರಣವನ್ನರಸಿ, ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಮಸಿ ಬಳಿದ ಬುರುಡೆಯ ಉಷ್ಣಮಾಪಕವನ್ನು ಒಂದೊಂದರಲ್ಲೂ ಇಟ್ಟ. ನೇರಳೆಯಲ್ಲಿ ಪಾದರಸ 2 ಫ್ಯಾರನ್‌ಹೀಟ್ ಡಿಗ್ರಿ ಏರಿತು; ಹಸುರಿನಲ್ಲಿ 3¼; ಕೆಂಪಿನಲ್ಲಿ ಹೆಚ್ಚುಕಡಿಮೆ 7. ಅಲ್ಲಿಗೆ ನಿಲ್ಲದೆ ಉಷ್ಣಮಾಪಕವನ್ನು ಕೆಂಪಿನಿಂದ ಅರ್ಧ ಅಂಗುಲ ಆಚೆಗೆ, ಬೆಳಕೇ ಇಲ್ಲದೆಡೆಗೆ ಸರಿಸಿದ. ಅಲ್ಲಿಯೂ ಪಾದರಸ 6½ ಡಿಗ್ರಿ ಏರಿತು. ಕಣ್ಣಿಗೆ ಬಣ್ಣ ಮುಗಿದಲ್ಲಿ ಬಿಸಿಲು ಮುಗಿದಿರಲಿಲ್ಲ. ಇಂದು ನಾವು ಅವಕೆಂಪು ಎನ್ನುವ ಕಿರಣಗಳು ಹೀಗೆ ಬೆಳಕಿಗೆ ಬಂದವು.

ಬೆಳಕೂ ಈ ಶಾಖಕಿರಣವೂ ಒಂದೇ ಎಂದು ಅವನು ಮೊದಲು ಭಾವಿಸಿದ್ದ. ಅದೇ ವರ್ಷ ಮತ್ತಷ್ಟು ಪರೀಕ್ಷೆಗಳ ಬಳಿಕ ಎರಡೂ ಬೇರೆ ಎಂಬ ತೀರ್ಮಾನಕ್ಕೆ ವಾಲಿದ. ಆ ತೀರ್ಮಾನ ನಿಲ್ಲಲಿಲ್ಲ. ಅವನ ಅಳತೆಗಳು ನಿಂತವು. ನನ್ನನ್ನು ಬಹುವಾಗಿ ಸೆಳೆಯುವುದು ಆ ಅಳತೆಯ ಎಚ್ಚರಿಕೆ. ಕಿರಣಗಳು ಬೀಳದ ಪಕ್ಕದಲ್ಲಿ ಬೇರೆ ಉಷ್ಣಮಾಪಕಗಳನ್ನಿಟ್ಟು, ಕೋಣೆಯ ಬಿಸಿಯನ್ನು ಅವನು ಲೆಕ್ಕದಿಂದ ಕಳೆದಿದ್ದ.

ಇಂದಿನ ಖಗೋಳವಿಜ್ಞಾನಿಯ ಅವಕೆಂಪು ಕ್ಯಾಮರಾ ಎದುರಿಸುವುದೂ ಇದೇ ತೊಡಕನ್ನು. ಅದರ ಸಂವೇದಕ ಬೆಚ್ಚಗಿದ್ದರೆ, ಬೆಳಕು ಬೀಳದಿದ್ದರೂ ಅದರೊಳಗೆ ವಿದ್ಯುತ್ತು ಹುಟ್ಟಿ, ನಕ್ಷತ್ರದ ಕ್ಷೀಣ ಸುದ್ದಿ ಅದರಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಕ್ಯಾಮರಾವನ್ನು ತಣಿಸಬೇಕು. ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆ ದೂರದರ್ಶಕಕ್ಕೆ 2013ರಲ್ಲಿ ಅಳವಡಿಸಿದ ಅವಕೆಂಪು ಉಪಕರಣವನ್ನು ದ್ರವ ನೈಟ್ರೋಜನ್ನಿನಿಂದ ತಣಿಸಿದರು. ಅದು ಕುದಿಯುವುದೇ ಸೊನ್ನೆಗಿಂತ 196 ಸೆಲ್ಸಿಯಸ್ ಡಿಗ್ರಿ ಕೆಳಗೆ.

ಹರ್ಷೆಲ್ 1822ರಲ್ಲಿ ಕಾಲವಾದ. 2009ರಲ್ಲಿ ಅವನ ಹೆಸರು ಹೊತ್ತ ಅವಕೆಂಪು ದೂರದರ್ಶಕವೊಂದು ಅಂತರಿಕ್ಷಕ್ಕೆ ಹೋಯಿತು. 2013ರ ಏಪ್ರಿಲಿನಲ್ಲಿ ಅದನ್ನು ತಣಿಸುತ್ತಿದ್ದ ದ್ರವ ಹೀಲಿಯಂ ತೀರಿತು. ಉಪಕರಣಗಳು ಬೆಚ್ಚಗಾಗಿ, ಅದರ ನೋಟ ಮುಗಿಯಿತು. ಆಕಾಶದ ಬಿಸಿಯನ್ನು ಅರಿಯಹೊರಟವನು ಮೊದಲು ತನ್ನ ಬಿಸಿಯನ್ನು ಕಳೆಯಬೇಕೆಂಬುದನ್ನು ಹರ್ಷೆಲ್ ಆ ಪಕ್ಕದ ಉಷ್ಣಮಾಪಕಗಳಿಂದಲೇ ತೋರಿಸಿಕೊಟ್ಟಿದ್ದ.