ಕೆರೆಯ ಲೆಕ್ಕ ಬರೆದ ತರುಣ

ಅಮೆರಿಕದ ಮಿನಿಸೋಟ ಪ್ರಾಂತದಲ್ಲಿ 1915ರಲ್ಲಿ ಹುಟ್ಟಿದ ರೇಮಂಡ್ ಲಿಂಡೆಮನ್, ಅಲ್ಲಿನ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಗಾಗಿ ಆರಿಸಿಕೊಂಡ ಸರೋವರ ಕಣ್ಣಿಗೆ ಹಬ್ಬವಾಗುವಂಥದಲ್ಲ. ಸೀಡರ್ ಬಾಗ್ ಎಂದು ಹೆಸರು. ಆಳ ಒಂದು ಮೀಟರಿನಷ್ಟು. ತಳದ ತುಂಬ ಹೂಳು. ಮುಪ್ಪಡರಿದ ಕೆರೆಯೆಂದರೆ ಸಾಕು.

ಐದು ವರ್ಷಗಳ ಕಾಲ ಅವನು ಅಲ್ಲಿ ದುಡಿದನು. ಪತ್ನಿ ಎಲಿನರ್ ಕೈಜೋಡಿಸಿದಳು. ನೀರನ್ನು ಸೋಸಿ, ಹೂಳನ್ನು ಜಾಲಿಸಿ, ಪಾಚಿಯಿಂದ ಹಿಡಿದು ಮೀನಿನವರೆಗೆ ಯಾರು ಯಾರಿಗೆ ಆಹಾರವೆಂಬುದನ್ನು ಗುರುತಿಸುವ ಕೆಲಸವದು. ಪಾಚಿಯನ್ನು ಮೇಯುವುದು ನೀರಿನಲ್ಲಿ ತೇಲಾಡುವ ಪ್ರಾಣಿಪ್ಲವಕ. ಪ್ಲವಕವನ್ನು ನುಂಗುವುವು ಕೀಟಗಳು, ಸಣ್ಣ ಮೀನುಗಳು. ಸತ್ತುದೆಲ್ಲ ಹೂಳಿಗಿಳಿಯುತ್ತದೆ, ಬ್ಯಾಕ್ಟೀರಿಯಗಳು ಅದನ್ನು ಕೊಳೆಯಿಸಿ, ಪೋಷಕಾಂಶವನ್ನು ಮತ್ತೆ ಪಾಚಿಗೆ ಒದಗಿಸುತ್ತವೆ. ಲಿಂಡೆಮನ್ ತನ್ನ ಆಹಾರಚಕ್ರದ ನಕ್ಷೆಯ ನಡುವೆ ಕೂರಿಸಿದ್ದು ಈ ಹೂಳನ್ನೇ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದಾಗ ಕೊಳೆಯುವಿಕೆ ನೀರಿನ ಆಮ್ಲಜನಕವನ್ನೇ ಬರಿದುಮಾಡುತ್ತಿತ್ತು. ಆ ಉಸಿರುಕಟ್ಟಿನಲ್ಲಿ ಯಾವ ಜೀವಿ ಎಷ್ಟು ತಾಳೀತೆಂಬುದನ್ನೂ ಅವನು ಪ್ರಯೋಗದಿಂದ ಪರೀಕ್ಷಿಸಿದನು.

ಆಮೇಲಿನ ಹೆಜ್ಜೆ ಹೊಸದು. ಜೀವಿಗಳ ಪಟ್ಟಿಯನ್ನು ಅವನು ಶಕ್ತಿಯ ಲೆಕ್ಕವಾಗಿ ಮಾರ್ಪಡಿಸಿದನು. ಬಿದ್ದ ಬಿಸಿಲಿನಲ್ಲಿ ಸಸ್ಯಗಳು ಹಿಡಿದಿಟ್ಟದ್ದು ಶೇಕಡ 0.10. ಅದರಲ್ಲಿ ಸಸ್ಯಾಹಾರಿಗಳಿಗೆ ದಕ್ಕಿದ್ದು ಶೇಕಡ 13.3, ಹಾಗೆ ದಕ್ಕಿದ್ದರಲ್ಲಿ ಅವನ್ನು ತಿನ್ನುವವುಗಳ ಪಾಲು ಶೇಕಡ 22.3. ಮೇಲಿನ ಮೆಟ್ಟಿಲಿನಲ್ಲಿ ಮೀನು ವಿರಳವೇಕೆಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಆದರೆ ಈ ಲೆಕ್ಕದ ಓಟ ಕೆಳಗಿನಿಂದ ಮೇಲಕ್ಕೆ ಮಾತ್ರ. ಮೀನು ಹೆಚ್ಚಿ ಪ್ಲವಕವನ್ನು ತಿಂದುಹಾಕಿದರೆ ಪಾಚಿ ದಟ್ಟವಾಗುವುದೆಂಬ ಎದುರುದಾರಿಯನ್ನು ಜೆಕ್ ವಿಜ್ಞಾನಿ ಹರ್ಬಾಚೆಕ್ ಮತ್ತು ಸಂಗಡಿಗರು ತೋರಿಸಿದ್ದು 1961ರಲ್ಲಿ.

1941ರಲ್ಲಿ ಲಿಂಡೆಮನ್ ಯೇಲ್ ವಿಶ್ವವಿದ್ಯಾನಿಲಯಕ್ಕೆ, ಹಚಿನ್‌ಸನ್ನನ ಬಳಿಗೆ ಹೋದನು. 'ಇಕಾಲಜಿ' ಪತ್ರಿಕೆಗೆ ಕಳುಹಿಸಿದ ಪ್ರಬಂಧವನ್ನು ಸರೋವರಶಾಸ್ತ್ರದ ಇಬ್ಬರು ಹಿರಿಯರು ಒಪ್ಪಲಿಲ್ಲ. ಆಧಾರ ಅಲ್ಪ, ಸಿದ್ಧಾಂತ ಬಹಳ ಎಂಬುದು ಅವರ ಆಕ್ಷೇಪ. ಅದು ಪೂರ್ತಿ ಅನ್ಯಾಯವೆನ್ನುವಂತಿಲ್ಲ, ಒಂದು ಪುಟ್ಟ ಕೆರೆಯ ಅಂಕಿಗಳ ಮೇಲೆ ಅವನು ಕಟ್ಟಿದ ಸೌಧ ದೊಡ್ಡದೇ. ಹಚಿನ್‌ಸನ್ ಪಟ್ಟುಹಿಡಿದು ವಾದಿಸಿದನು. ಪ್ರಬಂಧವನ್ನು ತಿದ್ದಿ ಬರೆದ ಮೇಲೆ ಸಂಪಾದಕ ಥಾಮಸ್ ಪಾರ್ಕ್ ಅದನ್ನು ಸ್ವೀಕರಿಸಿದನು.

ಯಕೃತ್ತಿನ ರೋಗ ಕಾಯಲಿಲ್ಲ. 1942ರ ಜೂನ್ 29ರಂದು, 27 ತುಂಬುವ ಮೊದಲೇ ಲಿಂಡೆಮನ್ ತೀರಿಕೊಂಡನು. ಪ್ರಬಂಧ ಅಚ್ಚಾದುದು ಅಕ್ಟೋಬರಿನಲ್ಲಿ, ಕೊನೆಯಲ್ಲಿ ಹಚಿನ್‌ಸನ್ ಬರೆದ ಕಿರುಟಿಪ್ಪಣಿಯೊಂದಿಗೆ.