ಗಿರಣಿಯ ಶಾಫ್ಟು ಮತ್ತು ಲಿಯೊನಾರ್ಡ್ ಹಾರ್ನರ್

ನೂಲಿನ ಗಿರಣಿಯ ಚಾವಣಿಗುಂಟ ಹಾಯ್ದುಹೋಗಿರುವ ಕಬ್ಬಿಣದ ಶಾಫ್ಟೊಂದನ್ನು ಕಲ್ಪಿಸಿಕೊಳ್ಳಿ. ಉಗಿಯಂತ್ರದ ಶಕ್ತಿಯನ್ನು ಬೆಲ್ಟುಗಳ ಮೂಲಕ ಕೆಳಗಿನ ಯಂತ್ರಗಳಿಗೆ ಹಂಚುವುದು ಅದರ ಕೆಲಸ. ನುಣುಪಾದ ಅದು ದೂರದಿಂದ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆದರೆ ಬಿಡುವಿಲ್ಲದೆ ವೇಗವಾಗಿ ತಿರುಗುತ್ತಿರುತ್ತದೆ. ಜಾರಿದ ಬೆಲ್ಟನ್ನು ಮತ್ತೆ ಏರಿಸಲು ಏಣಿ ಹತ್ತಿದವನ ಅಂಗಿಯ ತೋಳು ಅದಕ್ಕೆ ಸಿಕ್ಕಿತೆಂದರೆ, ಯಂತ್ರ ನಿಲ್ಲುವಷ್ಟರಲ್ಲಿ ದೇಹವು ಶಾಫ್ಟಿನೊಡನೆ ಸುತ್ತಿ ಚಾವಣಿಗೆ ಅಪ್ಪಳಿಸಿರುತ್ತಿತ್ತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಇಂಥ ಸಾವನ್ನು ವಿಧಿಯೆಂದೋ ಕಾರ್ಮಿಕನ ಅಜಾಗರೂಕತೆಯೆಂದೋ ಬಗೆಯಲಾಗುತ್ತಿತ್ತು. ಇದು ತಡೆಯಬಹುದಾದ ಸಾವು ಎಂದು ಸರ್ಕಾರಿ ಕಡತಗಳಲ್ಲಿ ಪಟ್ಟುಹಿಡಿದು ಬರೆದವರಲ್ಲಿ ಲಿಯೊನಾರ್ಡ್ ಹಾರ್ನರ್ ಮುಖ್ಯನು.

ಹಾರ್ನರ್ ಕಾರ್ಮಿಕ ನಾಯಕನಲ್ಲ. 1785ರಲ್ಲಿ ಎಡಿನ್‌ಬರೋದ ಲಿನನ್ ವರ್ತಕನೊಬ್ಬನ ಮನೆಯಲ್ಲಿ ಹುಟ್ಟಿದ ಆತನ ಒಲವು ಭೂವಿಜ್ಞಾನದ ಕಡೆಗಿತ್ತು. 1813ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಕುಶಲಕರ್ಮಿಗಳಿಗೆ ವಿಜ್ಞಾನ ಕಲಿಸಲೆಂದು 1821ರಲ್ಲಿ ಆತ ಎಡಿನ್‌ಬರೋದಲ್ಲಿ ಆರಂಭಿಸಿದ ಶಾಲೆಯೇ ಮುಂದೆ ಹೆರಿಯಟ್-ವಾಟ್ ವಿಶ್ವವಿದ್ಯಾಲಯವಾಯಿತು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಆತನ ಅಳಿಯ. ಇಂಥವನು ಐವತ್ತರ ಹತ್ತಿರದ ವಯಸ್ಸಿನಲ್ಲಿ ಗಿರಣಿಯಿಂದ ಗಿರಣಿಗೆ ಅಲೆಯುವ ಹುದ್ದೆಯನ್ನು ಒಪ್ಪಿಕೊಂಡದ್ದು ಇಂದಿಗೂ ಸೋಜಿಗ ಹುಟ್ಟಿಸುತ್ತದೆ.

1833ರ ಕಾರ್ಖಾನೆ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ರೇಷ್ಮೆ ಬಿಟ್ಟು ಉಳಿದ ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು. ಅದರ ನಿಜವಾದ ಹೊಸತನ ಬೇರೆಡೆ ಇತ್ತು. ಹಿಂದಿನ ಕಾಯಿದೆಗಳನ್ನು ಜಾರಿ ಮಾಡುವವರೇ ಇರಲಿಲ್ಲ. ಈಗ ಸರ್ಕಾರವೇ ಸಂಬಳ ಕೊಟ್ಟು ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅವರಲ್ಲೊಬ್ಬನಾದ ಹಾರ್ನರ್ 1836ರ ಹೊತ್ತಿಗೆ ಹತ್ತಿ ಗಿರಣಿಗಳ ತವರಾದ ಲ್ಯಾಂಕಷೈರಿನ ಹೊಣೆ ಹೊತ್ತ.

ಆದರೆ 1833ರ ಕಾಯಿದೆಯಲ್ಲಿ ಯಂತ್ರಗಳಿಗೆ ರಕ್ಷಣೆಯ ಬೇಲಿ ಹಾಕಬೇಕೆಂಬ ಮಾತೇ ಇರಲಿಲ್ಲ. ಅಪಘಾತಗಳನ್ನು ಕಾನೂನಿನಿಂದ ತಡೆಯಲು ಸಾಧ್ಯವೇ ಎಂಬುದನ್ನು ಕುರಿತು ಇನ್‌ಸ್ಪೆಕ್ಟರುಗಳು 1841ರಲ್ಲಿ ವಿಶೇಷ ವರದಿ ನೀಡಿದರು. 1844ರ ಕಾಯಿದೆ ಅದಕ್ಕೆ ರೂಪ ಕೊಟ್ಟಿತು. ಶಕ್ತಿ ಸಾಗಿಸುವ ಭಾಗಗಳನ್ನು ಭದ್ರವಾಗಿ ಮುಚ್ಚಬೇಕು. ಓಡುತ್ತಿರುವ ಯಂತ್ರವನ್ನು ಮಕ್ಕಳು ಒರೆಸಬಾರದು. ಗಾಯಗೊಂಡವನು ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಕೆಲಸಕ್ಕೆ ಮರಳಲಾಗದಿದ್ದರೆ ಅಪಘಾತವನ್ನು ವರದಿ ಮಾಡಲೇಬೇಕು. ಈ ಕೊನೆಯ ನಿಯಮ ಸಣ್ಣದಾಗಿ ಕಾಣಬಹುದು. ಆದರೆ ಅದುವರೆಗೆ ಗಿರಣಿಯ ಗೋಡೆಯೊಳಗೇ ಹೂತುಹೋಗುತ್ತಿದ್ದ ಬೆರಳು, ಕೈಗಳಿಗೆ ಲೆಕ್ಕ ಸಿಗುವಂತಾದದ್ದು ಅದರಿಂದಲೇ.

ಕಾಯಿದೆ ಇದ್ದರೂ ಏಳು ಅಡಿಗಿಂತ ಎತ್ತರದಲ್ಲಿರುವ ಶಾಫ್ಟುಗಳು ಕೈಗೆಟುಕವೆಂಬ ನೆಪದಲ್ಲಿ ತೆರೆದೇ ಉಳಿದವು. ಏಣಿ ಹತ್ತುವವರು ಸಾಯುತ್ತಲೇ ಇದ್ದರು. 1854ರ ಜನವರಿಯಲ್ಲಿ ಇನ್‌ಸ್ಪೆಕ್ಟರುಗಳು ಸುತ್ತೋಲೆ ಹೊರಡಿಸಿ, ಎತ್ತರದ ಶಾಫ್ಟುಗಳಿಗೂ ವಿನಾಯಿತಿಯಿಲ್ಲ ಎಂದರು. ಗಿರಣಿ ಮಾಲೀಕರು ಕೆರಳಿದರು. ಗೃಹಮಂತ್ರಿ ಪಾಮರ್‌ಸ್ಟನ್ ಬಳಿಗೆ ನಿಯೋಗ ಹೋಯಿತು. 1855ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾಲೀಕರ ರಾಷ್ಟ್ರೀಯ ಸಂಘವೇ ಹುಟ್ಟಿಕೊಂಡು, ಇನ್‌ಸ್ಪೆಕ್ಟರುಗಳು ಹೂಡುವ ಮೊಕದ್ದಮೆಗಳನ್ನು ಎದುರಿಸಲು ಹಣ ಕೂಡಿಸಿತು. ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಈ ಸಂಘವನ್ನು ನಿರ್ದಯವಾಗಿ ಲೇವಡಿ ಮಾಡಿದ. ಇತ್ತ ಗುಲಾಮಗಿರಿಯ ವಿರುದ್ಧ ಬರೆದು ಹೆಸರಾದ ಹ್ಯಾರಿಯಟ್ ಮಾರ್ಟಿನೋ ಮಾಲೀಕರ ಪರವಾಗಿ ಪುಸ್ತಿಕೆ ಬರೆದಳು. ಸಂಘವೇ ಅದನ್ನು ಪ್ರಕಟಿಸಿತು. ಮುಕ್ತ ವಾಣಿಜ್ಯದ ಸಿದ್ಧಾಂತದ ಮೇಲಿನ ನಂಬಿಕೆ ಎಂಥ ಸಹೃದಯರ ಕಣ್ಣನ್ನೂ ಮಂಜಾಗಿಸಬಲ್ಲದು.

ಗೆದ್ದವರು ಮಾಲೀಕರು. 1856ರ ತಿದ್ದುಪಡಿಯಲ್ಲಿ ಬೇಲಿಯ ಕಡ್ಡಾಯವು ಹೆಂಗಸರು, ಮಕ್ಕಳು, ಎಳೆಯರ ಮೈಗೆ ತಾಗಬಹುದಾದ ಭಾಗಗಳಿಗೆ ಸೀಮಿತವಾಯಿತು. ಉಳಿದ ವಿವಾದಗಳು ಯಂತ್ರ ಬಲ್ಲ ಮಧ್ಯಸ್ಥಗಾರರ ಪಾಲಾದವು. ಹಾರ್ನರ್ ಇದನ್ನು ಕಟುವಾಗಿ ವಿರೋಧಿಸಿದ. ಯಂತ್ರ ಕಟ್ಟುವವನ ಗಮನವೆಲ್ಲ ಅದರ ರಚನೆ ಮತ್ತು ಓಟದ ಮೇಲಿರುತ್ತದೆ, ಅಪಘಾತ ತಡೆಯುವುದು ಅವನ ಕಸುಬಲ್ಲ ಎಂಬುದು ಆತನ ವಾದ. ಆ ವಾದಕ್ಕೆ ಇಂದಿಗೂ ಸಮರ್ಪಕ ಉತ್ತರ ಸಿಕ್ಕಿಲ್ಲವೆಂದೇ ನನ್ನ ಎಣಿಕೆ. ಸೋತರೂ ಆತ ಹುದ್ದೆ ಬಿಡಲಿಲ್ಲ. ನಿವೃತ್ತನಾದದ್ದು 1859ರಲ್ಲಿ, 74ರ ವಯಸ್ಸಿನಲ್ಲಿ. ಆತನ ವರದಿಗಳನ್ನು ಜಾಲಾಡಿದ ಕಾರ್ಲ್ ಮಾರ್ಕ್ಸ್, ಬಂಡವಾಳವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಸರ್ಕಾರಿ ಅಧಿಕಾರಿಯ ಸೇವೆಯನ್ನು ಮನಸಾರೆ ಹೊಗಳಿದ್ದಾನೆ.

ಆ ಕಾಯಿದೆಗಳ ಸಂತತಿ ನಮ್ಮಲ್ಲಿಗೂ ಬಂತು. 1881ರ ಭಾರತೀಯ ಕಾರ್ಖಾನೆ ಕಾಯಿದೆಯಲ್ಲಿ ಯಂತ್ರಬೇಲಿಯ ನಿಯಮವಿತ್ತು. 1948ರ ಕಾಯಿದೆಯ 21 ಮತ್ತು 22ನೇ ಕಲಮುಗಳು ಬೇಲಿಯನ್ನೂ, ಚಲಿಸುವ ಯಂತ್ರದ ಬಳಿಯ ಕೆಲಸವನ್ನೂ ವಿವರವಾಗಿ ನಿಯಂತ್ರಿಸಿದವು. 2020ರ ಸುರಕ್ಷತಾ ಸಂಹಿತೆಯಲ್ಲಿ ಇನ್‌ಸ್ಪೆಕ್ಟರನ ಹೆಸರಿನ ಜೊತೆಗೆ ನೆರವುಗಾರ ಎಂಬ ಪದವೂ ಸೇರಿಕೊಂಡಿದೆ. ಮಾಲೀಕರಿಗೆ ತಿಳಿಹೇಳುವುದೂ ತನ್ನ ಕೆಲಸವೆಂದೇ ಹಾರ್ನರ್ ನಂಬಿದ್ದ. ಆದರೆ ಮಾತು ಸೋತಲ್ಲಿ ಮೊಕದ್ದಮೆ ಹೂಡಲು ಅಳುಕಲಿಲ್ಲ.

ನಿವೃತ್ತಿಯ ಬಳಿಕ ಆತ ಭೂವಿಜ್ಞಾನಕ್ಕೆ ಮರಳಿ, 1860ರಿಂದ ಎರಡು ವರ್ಷ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. 1864ರ ಮಾರ್ಚ್ 5ರಂದು ತೀರಿಕೊಂಡ. ಬಟ್ಟೆ ಗಿರಣಿಗಳಾಚೆಗೆ ಕುಂಬಾರಿಕೆ, ಬೆಂಕಿಕಡ್ಡಿಯಂಥ ಉದ್ಯಮಗಳಿಗೂ ಕಾರ್ಖಾನೆ ಕಾಯಿದೆ ವಿಸ್ತರಣೆಯಾದದ್ದು ಅದೇ ವರ್ಷ.